ಅಲಾರಂ ಇರಲಿ, ಹಾಕುವವರು ಯಾರು?

ಶಿಕಾರಿಪುರ

ಸೊರಬದಿಂದ ನೀವು ಬರೆದ ಕಾಗದ ತಲುಪಿತು. ಹಳೇ ವ್ಯಾಗನ್ ಆರ್ ಕೊಂಡಿದ್ದೀರಿ, ಸಂತೋಷ. ಅಂಗಳದ ತುಂಬ ಅಡಿಕೆ, ಕಾರು ರಸ್ತೆ ಬದಿಗೆ. ಅದಕ್ಕೊಂದು ಅಲಾರಂ ಹಾಕಿಸಬೇಕು, ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದ್ದೀರಿ. ಕಂಪನಿ ಆಮೇಲಿನ ಮಾತು. ಯಾರ ಕೈಲಿ ಹಾಕಿಸುತ್ತೀರಿ ಅನ್ನುವುದು ಮೊದಲು.

ಅದಕ್ಕೂ ಮುಂಚೆ ಕಾರಿನಲ್ಲಿ ಈಗಾಗಲೇ ಏನಿದೆ ನೋಡಿಕೊಳ್ಳಿ. ಕೀಲಿಯ ತಲೆಯೊಳಗೆ ಚಿಪ್ ಇಟ್ಟ ಇಮ್ಮೊಬಿಲೈಸರ್ ಇದ್ದರೆ, ನಕಲಿ ಕೀಲಿ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕಾರು ಹೋಗದಂತೆ ತಡೆಯುವುದು ಅದು. ಅಲಾರಂ ಬರೀ ಕೂಗುತ್ತದೆ, ಅಷ್ಟೇ. ತೊಂಬತ್ತರ ದಶಕದ ಮಾರುತಿ 800, ಓಮ್ನಿಗಳಿಗೆ ಇಂಥದ್ದೇನೂ ಇರಲಿಲ್ಲ. ನಿಮ್ಮದು ಯಾವ ವರ್ಷದ್ದೋ, ಆರ್‌ಸಿ ತೆಗೆದು ನೋಡಿ.

ಕೂಗುವುದರಲ್ಲೂ ಹದ ಬೇಕು. ಅಲುಗಾಟ ಹಿಡಿಯುವ ಶಾಕ್ ಸೆನ್ಸರ್ ಎಷ್ಟು ಚುರುಕಾಗಿರಬೇಕೆಂದು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಪೂರ್ತಿ ಏರಿಸಿಬಿಟ್ಟರೆ ಅಡಿಕೆ ಹಾಳೆ ಬಿದ್ದರೂ ಕೂಗು, ಲಾರಿ ಹೋದರೂ ಕೂಗು, ಗುಡುಗಿದರೂ ಕೂಗು. ಮೂರನೇ ರಾತ್ರಿಗೆ ನಿಮ್ಮ ಬೀದಿಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಕಳ್ಳನಿಗೆ ಬೇಕಾದದ್ದೂ ಅದೇ!

ಇನ್ನು ಹಾಕುವವರ ವಿಷಯ. ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಟ್ರ್ಯಾಕ್ಟರ್, ಲಾರಿ ವೈರಿಂಗಿನಲ್ಲಿ ಪಳಗಿದವರು. ನನಗೆ ಅವರ ಮೇಲೆ ಗೌರವವೇ. ಆದರೂ ಒಪ್ಪಿಸುವ ಮುನ್ನ ಅವರು ಹಿಂದೆ ಮಾಡಿದ ಒಂದು ಕಾರು ತೋರಿಸಲು ಹೇಳಿ, ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿ. ವೈರಿನ ಸಿಪ್ಪೆ ಕೆರೆದು, ಹೊಸೆದು, ಕಪ್ಪು ಟೇಪು ಸುತ್ತಿ ಬಿಟ್ಟಿದ್ದರೆ ನಮಸ್ಕಾರ ಹೇಳಿ ಬನ್ನಿ. ಮಲೆನಾಡಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಟೇಪಿನ ಅಂಟು ಬಿಟ್ಟು, ತಾಮ್ರ ಹಸಿರು ಹಿಡಿದು, ಯಾವಾಗಲೋ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಬೆಸುಗೆ ಹಾಕಿ ಸ್ಲೀವ್ ಏರಿಸಿರಬೇಕು. ನಿಮ್ಮ ಮಾಡೆಲ್ಲಿಗೇ ಹೊಂದುವ ಕಪ್ಲರ್ ಸಿಕ್ಕರೆ ಇನ್ನೂ ಲೇಸು, ಕಂಪನಿ ವೈರ್ ಕತ್ತರಿಸುವ ಗೋಜೇ ಇಲ್ಲ. ಹೊಸ ಕಾರಾದರೆ ವೈರ್ ಕತ್ತರಿಸಿದ್ದಕ್ಕೇ ವಾರಂಟಿಯವರು ತಕರಾರು ತೆಗೆಯುತ್ತಾರೆ.

ಅಲಾರಂ ಜೊತೆಗೆ ಎಂಜಿನ್ ಕಟ್ ರಿಲೇಯನ್ನೂ ಕೊಡುತ್ತಾರೆ. ಎಲ್ಲಿಗೆ ಜೋಡಿಸುತ್ತೀರಿ ಎಂದು ಕೇಳಿ. ಪೆಟ್ರೋಲ್ ಪಂಪಿನ ವೈರಿಗೆ ಹಾಕಿದ ರಿಲೇ ಓಡುವಾಗ ಕೈಕೊಟ್ಟರೆ, ಚಂದ್ರಗುತ್ತಿಯ ಕಾಡಿನ ದಾರಿಯಲ್ಲಿ ರಾತ್ರಿ ಹೊತ್ತು ಕಾರು ನಿಂತೇಬಿಡುತ್ತದೆ. ಸ್ಟಾರ್ಟರ್ ವೈರಿಗೆ ಹಾಕಿಸಿ. ಕೆಟ್ಟರೂ ಮನೆಯ ಮುಂದೆಯೇ ಕೆಡುತ್ತದೆ, ಓಡುತ್ತಿರುವ ಕಾರು ನಿಲ್ಲುವುದಿಲ್ಲ.

ಕೆಲಸ ಮುಗಿದ ಮೇಲೆ, ಕಾರು ಲಾಕ್ ಆಗಿರುವಾಗ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಮೀಟರ್ ಇಟ್ಟು ತೋರಿಸಲಿ. 20 ಮಿಲಿ ಆಂಪಿಯರ್ ಅಂದರೆ ಕಡಿಮೆಯೇ. ಆದರೂ ಒಂದು ತಿಂಗಳು ನಿಂತರೆ 14 ಆಂಪಿಯರ್-ಅವರ್ ಖರ್ಚು. ನಿಮ್ಮ ಕಾರಿನಂಥ ಸಣ್ಣ ಕಾರುಗಳ ಬ್ಯಾಟರಿ 35ರ ಆಸುಪಾಸು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಕಾರು ಮರೆಯದೆ ವಾರಕ್ಕೊಮ್ಮೆ ಓಡಿಸಿ.

ಇನ್ಶೂರೆನ್ಸ್‌ನವರನ್ನೂ ಕೇಳಿ. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನವಾದರೆ ಪ್ರೀಮಿಯಮ್ಮಿನಲ್ಲಿ ಒಂದಿಷ್ಟು ರಿಯಾಯಿತಿ ಉಂಟು. ಹಳೆಯ ದರಪಟ್ಟಿಯಲ್ಲಿ ಅದು ಶೇ 2.5, ಹೆಚ್ಚೆಂದರೆ 500 ರೂಪಾಯಿ, ಅದಕ್ಕಾಗಿ ಆಸೆಪಡುವಂಥದ್ದೇನಲ್ಲ. ಅದಕ್ಕಿಂತ ದೊಡ್ಡ ವಿಷಯ ಕೀಲಿ. ಕಾರು ಕಳುವಾದರೆ ಕ್ಲೇಮಿಗೆ ಎರಡೂ ಅಸಲಿ ಕೀಲಿ ಕೇಳುತ್ತಾರೆ. ಮಾರಿದವರ ಹತ್ತಿರ ಎರಡನೆಯದು ಉಳಿದಿದ್ದರೆ ಇವತ್ತೇ ಇಸಿದುಕೊಳ್ಳಿ.

ಸಾಗರಕ್ಕೆ ಹೋಗಿ ಹಾಕಿಸುತ್ತೀರೋ, ಶಿವಮೊಗ್ಗಕ್ಕೋ, ನಿಮ್ಮ ಅನುಕೂಲ. ಬಿಲ್ಲಿನಲ್ಲಿ ಮಾಡೆಲ್ ನಂಬರು, ವಾರಂಟಿ, ಅಂಗಡಿಯ ಸೀಲು ಮೂರೂ ಇಲ್ಲದೆ ದುಡ್ಡು ಎಣಿಸಬೇಡಿ.

ನಿಮ್ಮ
ಗೆಳೆಯ