ಅಜ್ಜಿಯ ಡಬ್ಬಿಯ ಹನ್ನೆರಡು ರೂಪಾಯಿ

ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಲು ಇನ್ನು ನಾಲ್ಕೇ ದಿನ ಉಳಿದಿತ್ತು. ಅಲ್ಲಿ ಇಲ್ಲಿ ಹೊಂದಿಸಿದ್ದು ಸಾಲದೆ ತಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ, ಎಂಬತ್ತು ದಾಟಿದ ಅಜ್ಜಿ ಟ್ರಂಕಿನಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಮುಂದಿಟ್ಟರು. ಅದರಲ್ಲಿ ಹನ್ನೆರಡು ಬೆಳ್ಳಿ ರೂಪಾಯಿಗಳಿದ್ದವು. ಪ್ರತಿ ದೀಪಾವಳಿಗೆ ಲಕ್ಷ್ಮಿಯ ಮುಂದಿಟ್ಟು ಪೂಜಿಸಿದ ನಾಣ್ಯಗಳು. “ಇಟ್ಟುಕೊಂಡು ನಾನೇನು ಮಾಡಲಿ, ಹುಡುಗಿ ಓದಲಿ” ಎಂದರು.

ಪೇಟೆಯ ವ್ಯಾಪಾರಿ ಅವನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ, “ಎಲ್ಲ ಅರ್ಧ ಬೆಳ್ಳಿ, ಕರಗಿಸಬೇಕಷ್ಟೆ” ಎಂದು ಒಂದು ಮೊತ್ತ ಹೇಳಿದ. ತಂದೆ ತಲೆಯಾಡಿಸುವಷ್ಟರಲ್ಲಿ ಮಗಳು, “ನಾಳೆ ಬರುತ್ತೇವೆ” ಎಂದು ಡಬ್ಬಿ ಮುಚ್ಚಿದಳು.

ಆ ಸಂಜೆ ತಾಯಿ ನಾಣ್ಯಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯಲು ಹೊರಟರು. ಮಗಳು ತಡೆದಳು. ತಿಕ್ಕಿದರೆ ಹೊಳಪು ಬರುತ್ತದೆ, ಆದರೆ ಸೂಕ್ಷ್ಮ ಗುರುತುಗಳು ಸವೆಯುತ್ತವೆ; ಸಂಗ್ರಾಹಕರು ತಿಕ್ಕಿದ ನಾಣ್ಯಕ್ಕೆ ಬೆಲೆ ಕೊಡುವುದಿಲ್ಲ. ಆಕೆ ಭೂತಗನ್ನಡಿ ಹಿಡಿದು ಕುಳಿತಳು.

ನಾಣ್ಯ ಎಲ್ಲಿ ಹುಟ್ಟಿತೆಂದು ಹೇಳುವ ಪುಟ್ಟ ಗುರುತೇ ಟಂಕಸಾಲೆಯ ಚಿಹ್ನೆ. ಐದನೇ ಜಾರ್ಜ್‌ನ ಐದು ರೂಪಾಯಿಗಳಲ್ಲಿ ಮೂರರ ಹಿಂಬದಿಯಲ್ಲಿ, ಕೆಳಗಿನ ಹೂವಿನಡಿ ಸಾಸಿವೆಗಿಂತ ಸಣ್ಣ ಚುಕ್ಕಿಯಿತ್ತು. ಅವು ಮುಂಬಯಿಯವು. ಚುಕ್ಕಿಯಿಲ್ಲದವು ಕಲ್ಕತ್ತೆಯವು. ವಿಕ್ಟೋರಿಯಾ ರಾಣಿಯ ಒಂದು ನಾಣ್ಯದಲ್ಲಿ 1862 ಎಂದಿತ್ತು. ಆದರೆ ಅದು ಆ ವರ್ಷದ್ದೇ ಎನ್ನುವಂತಿಲ್ಲ. 1874ರಲ್ಲಿ ಆಯಾ ವರ್ಷದ ಇಸವಿ ಬರುವವರೆಗೂ ರೂಪಾಯಿಗಳ ಮೇಲೆ 1862 ಎಂದೇ ಅಚ್ಚಾಗುತ್ತಿತ್ತು. ತಂದೆ ಆಸೆಯಿಂದ 1911ರ ರೂಪಾಯಿ ಹುಡುಕಿದರು. ಅದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಆಕ್ಷೇಪಿಸಿದ್ದರಿಂದ 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಡಬ್ಬಿಯಲ್ಲಿ ಅದಿರಲಿಲ್ಲ.

ಉಳಿದ ಆರು ನಾಣ್ಯಗಳು ಆರನೇ ಜಾರ್ಜ್‌ನ 1944 ಮತ್ತು 1945ರವು. ಇವುಗಳ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ. ನಕಲು ತಡೆಯಲು 1940ರಲ್ಲಿ ಬಂದ ಏರ್ಪಾಡು. ಬೆಳ್ಳಿಯ ಪ್ರಮಾಣ ಶೇಕಡಾ 91.7ರಿಂದ 50ಕ್ಕೆ ಇಳಿದದ್ದೂ ಅದೇ ವರ್ಷ. ಅಂದರೆ ವ್ಯಾಪಾರಿಯ ಮಾತು ಅರ್ಧ ಮಾತ್ರ ನಿಜ!

ಹುಡುಗಿ ಆರ್ಕಿಮಿಡೀಸನ ಮೊರೆ ಹೊಕ್ಕಳು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಆರಾರು ನಾಣ್ಯಗಳನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿದಳು. ಆಗ ಹೆಚ್ಚುವ ತೂಕವೇ ಪಕ್ಕಕ್ಕೆ ಸರಿದ ನೀರಿನ ತೂಕ. ಹಳೆಯ ಆರು ನಾಣ್ಯಗಳು 69.0 ಗ್ರಾಂ, ಸರಿದ ನೀರು 6.7, ಭಾಗಿಸಿದರೆ 10.3. ಹೊಸ ಆರು 69.6 ಗ್ರಾಂ, ನೀರು 7.3, ಭಾಗಿಸಿದರೆ 9.5. ಬೆಳ್ಳಿ ಹೆಚ್ಚಿದ್ದಷ್ಟೂ ಸಾಂದ್ರತೆ ಹೆಚ್ಚು. ಹಾಳೆಯ ಮೇಲೆ ಲೆಕ್ಕ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಅಜ್ಜಿ ಮೆಲ್ಲನೆ ಒಂದು ಮಾತು ಹೇಳಿದರು. ಅವರ ಅಪ್ಪ ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದರು. 1946ರಲ್ಲಿ ಲಾಹೋರಿನಿಂದ ಊರಿಗೆ ಬಂದಾಗ ಆರು ವರ್ಷದ ಮಗಳ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟಿದ್ದರು. ಆಮೇಲೆ ಅದು ಬೇರೆಯವುಗಳ ಜೊತೆ ಬೆರೆತುಹೋಯಿತು. “ಯಾವುದೆಂದು ಗೊತ್ತೇ ಆಗಲಿಲ್ಲ. ಎಲ್ಲ ಒಂದೇ ಥರ.”

ಹುಡುಗಿ ಮತ್ತೆ ಭೂತಗನ್ನಡಿ ಎತ್ತಿಕೊಂಡಳು. ಐದು ನಾಣ್ಯಗಳಲ್ಲಿ ಮುಂಬಯಿಯ ಗುರುತು. 1945ರ ಒಂದರ ಕೆಳಭಾಗದಲ್ಲಿ ಮಾತ್ರ ಇಂಗ್ಲಿಷಿನ ‘ಎಲ್’ ಅಕ್ಷರ. ಯುದ್ಧಕಾಲದಲ್ಲಿ ನಾಣ್ಯಗಳ ಬೇಡಿಕೆ ಏರಿದಾಗ ಲಾಹೋರಿನ ಟಂಕಸಾಲೆಯೂ ಕೆಲಸ ಆರಂಭಿಸಿತ್ತು. ಇಂದು ಅದು ಪಾಕಿಸ್ತಾನದಲ್ಲಿದೆ.

“ಅಜ್ಜಿ, ಇದು ಲಾಹೋರಿನಲ್ಲಿ ಅಚ್ಚಾದದ್ದು. ಮುತ್ತಾತ ತಂದದ್ದೇ ಎಂದು ಮಾತ್ರ ಹೇಳಲಾರೆ.”

“ಅಷ್ಟು ಸಾಕು ಬಿಡು” ಎಂದ ಅಜ್ಜಿ ಅದನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕುಳಿತರು.

ಮರುದಿನ ವ್ಯಾಪಾರಿ ಲೆಕ್ಕದ ಹಾಳೆ ನೋಡಿ, ತಾನೂ ಒರೆಗೆ ಹಚ್ಚಿ ನೋಡಿ, ಆರು ನಾಣ್ಯಗಳಿಗೆ ಹೆಚ್ಚಿನ ದರ ಕೊಟ್ಟ. ಚುಕ್ಕಿಯೊಂದಿದ್ದರೆ ಲಕ್ಷ ಸಿಗುತ್ತದೆಂಬ ಜಾಹೀರಾತುಗಳನ್ನು ನಂಬಿದವರಿಗೆ ನಿರಾಸೆಯೇ ಗತಿ. ಆದರೆ ಸರಿಯಾಗಿ ನೋಡಿದವರಿಗೆ ನ್ಯಾಯವಾದ ಬೆಲೆಯಾದರೂ ದಕ್ಕುತ್ತದೆ. ವಿದ್ಯಾರ್ಥಿಗಳು ತಮ್ಮ ಜೇಬಿನ ನಾಣ್ಯಗಳನ್ನೇ ಪರೀಕ್ಷಿಸಬಹುದು: ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಶುಲ್ಕಕ್ಕೆ ಇನ್ನೂ ಸ್ವಲ್ಪ ಕಡಿಮೆಯಿತ್ತು. ಅದನ್ನು ತಂದೆ ಸೊಸೈಟಿಯ ಸಾಲದಿಂದ ತುಂಬಿದರು. ಮಾರಿದ್ದು ಹನ್ನೊಂದೇ ನಾಣ್ಯ. ಹನ್ನೆರಡನೆಯದನ್ನು ಕೊಡು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.