ಮುತ್ಯಾನ ಬಾವಿ, ಮೊಮ್ಮಗನ ಬಾಟಲಿ

ನಾನು ಈಜು ಕಲಿತದ್ದು ಭಾಲ್ಕಿ ತಾಲ್ಲೂಕಿನ ನಮ್ಮ ಹೊಲದ ಮೆಟ್ಟಿಲು ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ನೀರಿಗೆ ತಳ್ಳಿದ್ದರು. ಬೇಸಿಗೆ ಬಂತೆಂದರೆ ಓಣಿಯ ಮಕ್ಕಳೆಲ್ಲ ಅಲ್ಲೇ. ಈಜಿ ದಣಿದಾಗ ಅದೇ ನೀರನ್ನು ಬೊಗಸೆ ತುಂಬ ಕುಡಿಯುತ್ತಿದ್ದೆವು.

ಎರಡು ವರ್ಷದ ಹಿಂದೆ ಮೇ ರಜೆಯಲ್ಲಿ ಬೀದರಿನಿಂದ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದೆ. ಹಿಂದಿನ ರಾತ್ರಿ ಅಡ್ಡಮಳೆ ಸುರಿದು ನೀರು ರಾಡಿಯಾಗಿತ್ತು.

"ಇದರಾಗ ಇಳೀಬೇಕಾ ಮುತ್ಯಾ?"

"ನಾ ಇದೇ ನೀರು ಕುಡದು ಬೆಳದೀನಿ. ಇಳಿ" ಎಂದೆ.

ಮೂರನೇ ದಿನ ಹುಡುಗನಿಗೆ ವಾಂತಿ, ಭೇದಿ. ಎರಡು ರಾತ್ರಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಸೊಸೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಔರಾದಿಗೆ ಕೊಟ್ಟ ನನ್ನ ತಂಗಿಯ ಸೊಸೆ ತನ್ನ ಊರಿನಲ್ಲಿ ನೀರು ಪರೀಕ್ಷಿಸುತ್ತಾಳೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸುತ್ತಾರೆ. ಅವಳು ಮೊಮ್ಮಗನಿಗೆ ಒಂದು ಪುಟ್ಟ ಬಾಟಲಿ ಕೊಟ್ಟಳು. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಮಲದಿಂದ ಬರುವ ರೋಗಾಣುಗಳಿದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ.

"ಮುತ್ಯಾ, ಕರ್ರಗ ಆಗ್ಯಾದ!" ಮರುದಿನ ಬೆಳಿಗ್ಗೆ ಹುಡುಗ ಕೂಗಿದ.

ಫೋನ್ ಮಾಡಿದೆ. "ಮಾಮಾ, ಇದು ಕುಡಿಯೋ ನೀರಿಗಿ ಇರೋದು. ತೆರೆದ ಬಾವಿದು ಹೆಚ್ಚಾಗಿ ಕರ್ರಗೇ ಆಗ್ತದ. ಎಷ್ಟು ಹೊಲಸ ಅದ ಅಂತ ಇದು ಹೇಳಂಗಿಲ್ಲ. ಲ್ಯಾಬಿಗಿ ಒಯ್ರಿ" ಎಂದಳು.

ರೋಗಾಣುಮುಕ್ತ ಬಾಟಲಿಯಲ್ಲಿ ನೀರು ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಅದೇ ದಿನ ಬೀದರಿಗೆ ಒಯ್ದೆವು. ಹೊರಗಿನ ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಮಿತಿ ಇಟ್ಟಿದೆ: 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ ಎಣಿಕೆ 500 ಮೀರಬಾರದು. ನಮ್ಮ ಬಾವಿ ಅದನ್ನು ಎಷ್ಟೋ ದಾಟಿತ್ತು. ನನ್ನ ನೆನಪಿನ ಬಾವಿ ಬೇರೆ, ಈಗಿನ ಬಾವಿ ಬೇರೆ ಎಂದು ಆ ಕಾಗದ ನೋಡಿದ ಮೇಲೆಯೇ ಒಪ್ಪಿಕೊಂಡೆ.

ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, 15ನೇ ಶತಮಾನದ ಸುರಂಗ ಬಾವಿ ಇದೆ. ಅಲ್ಲಿ ನೀರು ನೆಲದೊಳಗೇ ಹರಿದು ಬರುತ್ತದೆ. ಅದನ್ನು ನೋಡಿ ಬಂದ ಹುಡುಗ, "ಹೊಲಸು ಮ್ಯಾಲಿಂದ ಬರ್ತದ ಮುತ್ಯಾ" ಎಂದ. ನಿಜ. ನಮ್ಮ ತಿಪ್ಪೆ, ದನದ ಕೊಟ್ಟಿಗೆ ಎರಡೂ ಬಾವಿಯ ಮೇಲ್ಗಡೆಯೇ ಇದ್ದವು. ಮಳೆ ಬಂದರೆ ಎಲ್ಲ ತೊಳೆದು ಬಾವಿಗೇ. ಎರಡನ್ನೂ ಕೆಳಗಡೆಗೆ ಸಾಗಿಸಿ, ಬಾವಿಯ ಸುತ್ತ ಮಣ್ಣಿನ ಒಡ್ಡು ಹಾಕಿದೆವು. ದನ ಮೈತೊಳೆಯುವುದನ್ನು ನಿಲ್ಲಿಸಿದೆವು.

ಮೊಮ್ಮಗ ಇನ್ನೊಂದು ಉಪಾಯ ತಂದ. ಇಟಲಿಯ ಆಂಜೆಲೊ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಎಷ್ಟು ಆಳದವರೆಗೆ ಕಾಣುತ್ತದೆಂದು ಅಳೆದಿದ್ದರಂತೆ. ನಾವು ಹಳೇ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿದು, ತೂಕಕ್ಕೆ ಕಲ್ಲು ಬಿಗಿದು, ಮೊಳಕ್ಕೊಂದು ಗಂಟಿನ ಹಗ್ಗ ಕಟ್ಟಿದೆವು. ಇದು ರೋಗಾಣು ತೋರಿಸುವುದಿಲ್ಲ. ಆದರೆ ರಾಡಿ ನೀರಿನಲ್ಲಿ ಮುಳುಗಿದ ಮಗು ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲವಲ್ಲ. ಮೂರನೇ ಗಂಟಿನವರೆಗೆ ತಟ್ಟೆ ಕಾಣದಿದ್ದರೆ ಈಜು ಇಲ್ಲ. ಮಳೆಯಾದ ಮೇಲೆ ಮೂರು ದಿನ ಇಳಿಯುವುದಿಲ್ಲ. ದೊಡ್ಡವರಿಲ್ಲದೆ ಯಾರೂ ಇಳಿಯುವುದಿಲ್ಲ. ಇವು ನಮ್ಮ ಮನೆಯ ಕಟ್ಟಳೆ.

ಹೋದ ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆವು. ಎಣಿಕೆ ಮಿತಿಯೊಳಗಿತ್ತು. ಹುಡುಗ ವರದಿಯನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದ. ಅವಳು ಏನೂ ಅನ್ನಲಿಲ್ಲ. ಆದರೆ ಬಾವಿಯವರೆಗೆ ಬಂದು, ಸೋರೆಬುರುಡೆಯನ್ನು ತಾನೇ ಮಗನ ಸೊಂಟಕ್ಕೆ ಕಟ್ಟಿ, ಗಂಟು ಎಳೆದು ನೋಡಿ, ಹಗ್ಗದ ತುದಿಯನ್ನು ನನ್ನ ಕೈಗಿತ್ತಳು.

ಹುಡುಗ ನನ್ನ ಜೊತೆ ಮೆಟ್ಟಿಲಿಳಿಯುತ್ತ ಹೇಳಿದ: "ಮುತ್ಯಾ, ಬಾಯಿ ಮುಚ್ಚಿ ಈಜು. ನೀರು ಕುಡೀಬ್ಯಾಡ!"