ಗಾಜಿನ ಹಿಂದೆ ಬರೆದ ‘ಅಜ್ಜಿಗೆ’

ಮ್ಯೂನಿಕ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಮುರ್ನಾವ್. ಏಳು ವರ್ಷದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಸ್ಟಾಫೆಲ್‌ಜೇ ಸರೋವರ ನೋಡಲೆಂದು. ಅವಳ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಊರಿನ ಅರಮನೆ ಮ್ಯೂಸಿಯಂನಲ್ಲಿ ಕಂಡ ಗಾಜಿನ ಚಿತ್ರಗಳು.

ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಮುಂಬದಿಯಿಂದ ನೋಡುವ ಈ ಕಲೆಗೆ ಇಲ್ಲಿ ‘ಹಿಂಟರ್‌ಗ್ಲಾಸ್‌ಮಾಲರೈ’ ಎನ್ನುತ್ತಾರೆ. 1909ರಲ್ಲಿ ಇಲ್ಲಿ ಮನೆ ಕೊಂಡ ಕಲಾವಿದೆ ಗಾಬ್ರಿಯೆಲೆ ಮ್ಯುಂಟರ್ ಇದನ್ನು ಕಲಿತದ್ದು ಇದೇ ಊರಿನ ಹೈನ್ರಿಶ್ ರಾಂಬೋಲ್ಡ್ ಅವರಿಂದ. ಜೊತೆಗಿದ್ದ ಕಾಂಡಿನ್ಸ್ಕಿಯೂ ಗಾಜಿನ ಮೇಲೆ ಚಿತ್ರ ಬರೆದರು. 19ನೇ ಶತಮಾನದ ಮೈಸೂರಿನಲ್ಲೂ ಇಂಥ ಚಿತ್ರಗಳಿದ್ದವು ಎಂದಾಗ ಮಗಳ ಕಣ್ಣು ಅರಳಿತು: “ಹಾಗಾದ್ರೆ ಮೈಸೂರಜ್ಜಿಗೆ ಒಂದು ಮಾಡೋಣ!”

ಮನೆಗೆ ಬಂದು ಹಳೆಯ ಫೋಟೋ ಫ್ರೇಮಿನ ಪ್ಲಾಸ್ಟಿಕ್ ಹಾಳೆ ತೆಗೆದೆವು; ಮಕ್ಕಳ ಕೈಗೆ ಗಾಜಿಗಿಂತ ಅದೇ ವಾಸಿ. ಸೋಪಿನಲ್ಲಿ ತೊಳೆದು ಒರೆಸಿ, ಅಕ್ರಿಲಿಕ್ ಬಣ್ಣ ಹಿಡಿದು ಕೂತೆವು. ಮೊದಲ ಪ್ರಯತ್ನದಲ್ಲೇ ಎಡವಟ್ಟು. ಅಭ್ಯಾಸಬಲದಿಂದ ಮೊದಲು ಮುಖಕ್ಕೆ ಬಣ್ಣ ತುಂಬಿ, ಒಣಗಿದ ಮೇಲೆ ಕಣ್ಣು ಬರೆದಳು. ತಿರುಗಿಸಿ ನೋಡಿದರೆ ಅಜ್ಜಿಗೆ ಕಣ್ಣೇ ಇಲ್ಲ! ಇಲ್ಲಿ ಎಲ್ಲವೂ ತಿರುವುಮುರುವು: ಕುಂಕುಮ, ಕಣ್ಣು, ಗೆರೆಗಳು ಮೊದಲು, ಆಮೇಲೆ ಮುಖ, ಕೊನೆಗೆ ಹಿನ್ನೆಲೆ. ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು.

ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ‘ಅಜ್ಜಿಗೆ’ ಎಂದು ಕಾಗದದಲ್ಲಿ ದಪ್ಪಗೆ ಬರೆದುಕೊಟ್ಟೆ. ಅದನ್ನು ಮಗುಚಿ, ಕಿಟಕಿಗೆ ಒತ್ತಿಹಿಡಿದು ಹಿಂಬದಿಯಲ್ಲಿ ಗೆರೆ ಎಳೆದಳು. ಆ ಗೆರೆಗಳನ್ನು ಹಾಳೆಯ ಕೆಳಗಿಟ್ಟು ತಿದ್ದಿದಳು. ಮೂಲೆಯಲ್ಲಿ ತನ್ನ ಹೆಸರನ್ನು ಜರ್ಮನ್ ಲಿಪಿಯಲ್ಲಿ ಬರೆಯಲು ಹೋದಾಗ ಕೈ ತಡವರಿಸಿತು. “ಇದೂ ಕನ್ನಡದಷ್ಟೇ ಕಷ್ಟ!” ಎಂದಳು.

ಕನ್ನಡದ ಪುಸ್ತಕ ತೆಗೆದರೆ “ಬರಲ್ಲ” ಎಂದು ಮುಖ ತಿರುಗಿಸುತ್ತಿದ್ದವಳು ಅವಳು. ನಾನೂ ಅದನ್ನು ಹಟ ಅಂದುಕೊಂಡು ಗದರುತ್ತಿದ್ದೆ. ಶಾಲೆಯಲ್ಲಿ ದಿನಾ ಬರೆಯುವ ಅಕ್ಷರ ಸಲೀಸು, ವಾರಕ್ಕೊಮ್ಮೆ ಬರೆಯುವುದು ಕಷ್ಟ, ಅಷ್ಟೇ. ಆ ಮಧ್ಯಾಹ್ನ ಎರಡೂ ಲಿಪಿಗಳು ಅವಳಿಗೆ ಒಂದೇ ಸಮ ಹೊಸದಾಗಿದ್ದವು. ಒಂದು ಪದಕ್ಕೆ ಮುಕ್ಕಾಲು ಗಂಟೆ ಕೂತಳು, ನಾನು ಒಮ್ಮೆಯೂ ‘ಬರಿ’ ಎನ್ನಲಿಲ್ಲ.

ಸಂಜೆ ವಿಡಿಯೋ ಕಾಲ್‌ನಲ್ಲಿ ಅವಸರಕ್ಕೆ ಹಿಂಬದಿಯನ್ನೇ ತೋರಿಸಿದಳು. “ತಿರುಗಿಸು ಪುಟ್ಟಿ,” ಎಂದರು ಅಮ್ಮ. ತಿರುಗಿಸಿದಳು. ಅಮ್ಮ ಕನ್ನಡಕ ಏರಿಸಿಕೊಂಡು, ನಿಧಾನವಾಗಿ, ಜೋರಾಗಿ ಓದಿದರು: “ಅಜ್ಜಿಗೆ.”

ಮುಂದಿನದು ತಾತನಿಗಂತೆ. ‘ತ’ ಹೇಗೆ ಬರೆಯೋದು ಅಂತ ಅವಳೇ ಕೇಳಿದಳು.